ಇಸಿಲದ ಇಂದಿನ ಮಹಾಮಾತ್ರರಿಗೆ

ಮಾನ್ಯರೇ,

ಮೊದಲು ಕ್ಷೇಮ ಕೇಳುತ್ತೇನೆ. ಎಲ್ಲರೂ ಆರೋಗ್ಯವಾಗಿದ್ದೀರಿ ತಾನೇ?

ಸುಮ್ನೆ ಮರ್ಯಾದೆಗೆ ಕೇಳಿದ್ದಲ್ಲ. ಇದಕ್ಕೊಂದು ಹಳೆಯ ಮೇಲ್ಪಂಕ್ತಿ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಗುಂಡಿನ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಓದಿ ನೋಡಿದರೆ ಅದು ಶುರುವಾಗುವುದೇ ಪತ್ರದ ಹಾಗೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಹೇಳಿ ಕಳಿಸಿದ ಮಾತು ಅದು. ಮೊದಲು ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ರಾಜನ ಮಾತು. ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ನುಡಿಯಿರಿ, ಇದು ಹಿಂದಿನಿಂದ ಬಂದ ನಡವಳಿಕೆ ಅಂತ. ಕೊನೆಯಲ್ಲಿ ಬರೆದವನ ರುಜು: ಚಪಡ. ಅವನು ತನ್ನ ಕಸುಬನ್ನು, ಅಂದರೆ 'ಲಿಪಿಕಾರ' ಅನ್ನುವುದನ್ನು, ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ವಾಯವ್ಯದ ಗಡಿಯ ಲಿಪಿ ಅದು. ಇಲ್ಲಿ ಅದನ್ನು ಓದುವವರು ಯಾರಿದ್ದರು? ಸ್ವಲ್ಪ ಜಂಬದ ಮನುಷ್ಯ ಇರಬೇಕು. ನನಗಂತೂ ಇಷ್ಟವಾದ.

ಮಹಾಮಾತ್ರ ಅಂದರೆ ಅಧಿಕಾರಿ. ಇಸಿಲ ಅಂದರೆ ಈ ಬೆಟ್ಟದ ಸುತ್ತಲಿನ ಊರು ಅಂತ ಬಲ್ಲವರು ಹೇಳುತ್ತಾರೆ. 2,200 ವರ್ಷಕ್ಕೂ ಹಿಂದೆ ಮೇಲಿನವರು ಕೆಳಗಿನವರಿಗೆ ಬರೆದ ಬಹಿರಂಗ ಪತ್ರ ಅದು. ನಾನು ಕೆಳಗಿನಿಂದ ಮೇಲಕ್ಕೆ ಬರೆಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ನಾನು ಮಹಾಮಾತ್ರರು ಅನ್ನುತ್ತಿರುವುದು ಯಾವ ಒಬ್ಬ ಸಾಹೇಬರನ್ನೂ ಅಲ್ಲ, ಯಾವ ಒಂದು ತಾಲ್ಲೂಕನ್ನೂ ಅಲ್ಲ. ಕರ್ನಾಟಕದ ಯಾವ ಹಳ್ಳಿಯಲ್ಲಿ ದುಂಡಗೆ ಜೋಡಿಸಿದ ಹಳೆಯ ಕಲ್ಲುಗಳಿವೆಯೋ, ಅಂದರೆ ಹಳೇ ಕಾಲದ ಸಮಾಧಿಗಳಿವೆಯೋ, ಅಲ್ಲಿನ ಗ್ರಾಮ ಆಡಳಿತಾಧಿಕಾರಿ, ಸರ್ವೇಯರ್, ಪಿಡಿಒ, ತಹಶೀಲ್ದಾರರು, ಪುರಾತತ್ವ ಇಲಾಖೆಯವರು, ಎಲ್ಲರನ್ನೂ. ಬೈಯಲು ಬರೆಯುತ್ತಿಲ್ಲ. ಒಂದು ಕೇಳಬೇಕು, ಒಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವುದು ಆಮೇಲೆ. ಮೊದಲು ಬ್ರಹ್ಮಗಿರಿಗೆ ಹೋಗಿದ್ದನ್ನು ಹೇಳುತ್ತೇನೆ.

ನಾನು ಬಳ್ಳಾರಿಯಲ್ಲಿದ್ದುಕೊಂಡು ಮೆಡಿಕಲ್ ಅಂಗಡಿಗಳ ಆರ್ಡರ್ ಹಿಡಿಯುವ ಕೆಲಸ ಮಾಡುತ್ತೇನೆ. ರಾಂಪುರ, ಮೊಳಕಾಲ್ಮೂರು, ಚಳ್ಳಕೆರೆ ನನ್ನ ಲೈನು. ಜನವರಿಯ ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ಎಷ್ಟೋ ವರ್ಷದಿಂದ ಆ ದಾರಿಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಬೈಕ್ ತಿರುಗಿಸಿರಲಿಲ್ಲ. ಅವತ್ತು ತಿರುಗಿಸಿದೆ.

ಶಾಸನ ನೋಡಿದೆ. ಊರ ಜನ ಅದನ್ನು ಅಕ್ಷರಗುಂಡು ಅಂತ ಕರೆಯುತ್ತಿದ್ದರಂತೆ. ಎಷ್ಟು ಚೆಂದದ ಹೆಸರು ಅಲ್ವಾ? ಅದಕ್ಕೆ ನೆರಳಿದೆ, ಕಾವಲಿದೆ. ಇರಬೇಕಾದ್ದೇ. ಆದರೆ ನನಗೆ ಬೇಕಾಗಿದ್ದು ಅದಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆದ ಕಥೆಯನ್ನು ಓದಿದ್ದೆ. ಆಗ ಅವರು ಇಡೀ ದೇಶದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರು. ಬ್ರಹ್ಮಗಿರಿಯ ಸುತ್ತ ಸುಮಾರು 300 ಬೃಹತ್ ಶಿಲಾ ಸಮಾಧಿಗಳಿವೆ ಅಂತ ಲೆಕ್ಕ. ಹೆಚ್ಚಿನವು ಕಲ್ಲಿನ ಸುತ್ತುಗಳು. ಮುನ್ನೂರು ಅಂದರೆ ಎಲ್ಲಿ ನೋಡಿದರೂ ಕಾಣಬೇಕಲ್ಲ ಅಂದುಕೊಂಡು ನಡೆದೆ.

ಒಂದೂ ಕಾಣಲಿಲ್ಲ. ಬಂಡೆ, ಜಾಲಿ, ತಂಗಡಿ ಗಿಡ, ಕಿತ್ತು ಮುಗಿದ ಶೇಂಗಾ ಹೊಲ. ಬಿಸಿಲು. ಕೊನೆಗೆ ಮೇಕೆ ಕಾಯುತ್ತಿದ್ದ ಒಬ್ಬ ಅಜ್ಜ ಸಿಕ್ಕರು.

"ಅಜ್ಜಾ, ಇಲ್ಲಿ ದುಂಡಗೆ ಇಟ್ಟಿರೋ ಕಲ್ಲು ಎಲ್ಲಿವೆ?"

"ಎಲ್ಲಿ ನೋಡಿದ್ರೂ ಕಲ್ಲೇ ಐತಲ್ಲಪ್ಪಾ. ನಿನಗೆ ಯಾವ ಕಲ್ಲು ಬೇಕು?"

ಕೈಯಲ್ಲಿ ಗಾಳಿಯಲ್ಲೇ ಒಂದು ಸುತ್ತು ಬರೆದು ತೋರಿಸಿದೆ. ಹಳೇ ಕಾಲದ ಸಮಾಧಿ, ಒಳಗೆ ಕಲ್ಲಿನ ಪೆಟ್ಟಿಗೆ ಅಂತೆಲ್ಲ ಹೇಳಿದೆ. ಅಜ್ಜ ಬಾಯಿ ತುಂಬ ನಕ್ಕರು.

"ಓ, ಮೋರೇರ ಮನೆನಾ? ಅದರೊಳಗೇ ನಿಂತೀಯಲ್ಲೋ!"

ಕೆಳಗೆ ನೋಡಿದೆ. ನಿಜ. ನನ್ನ ಸುತ್ತ ಕಲ್ಲುಗಳು. ಕೆಲವು ಮೊಣಕಾಲುದ್ದ, ಕೆಲವದರ ನೆತ್ತಿ ಮಾತ್ರ ಮಣ್ಣಿನಿಂದ ಆಚೆ. ಒಂದೆರಡು ಜಾಗದಲ್ಲಿ ಹಲ್ಲು ಉದುರಿದ ಹಾಗೆ ಖಾಲಿ. ಅಡ್ಡಕ್ಕೆ ಆರೇಳು ಹೆಜ್ಜೆ. ಒಂದು ಸಲ ಸುತ್ತು ಕಣ್ಣಿಗೆ ಬಿದ್ದ ಮೇಲೆ ಇನ್ನೊಂದು ಕಂಡಿತು. ಅದರಾಚೆ ಮತ್ತೊಂದು. ಅಷ್ಟು ಹೊತ್ತು ಅವುಗಳ ಮಧ್ಯೆಯೇ ಅವುಗಳನ್ನು ಹುಡುಕಿಕೊಂಡು ಅಲೆದಿದ್ದೆ.

ಈ ಪತ್ರದ ತಿರುಳು ಇಲ್ಲೇ ಇದೆ ನೋಡಿ. ಕಲ್ಲಿನ ಸುತ್ತಿಗೆ ಶತ್ರುಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ದೊಡ್ಡ ಕಷ್ಟ ಅಂದರೆ ಅದು ಕಾಣುವುದೇ ಇಲ್ಲ. ಗುಡಿಗೆ ಗೋಪುರ ಇದೆ. ವೀರಗಲ್ಲಿನ ಮೇಲೆ ಕತ್ತಿ ಹಿಡಿದವನು ಇದ್ದಾನೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಬೆಟ್ಟದ ಮೇಲೆ ಚಪ್ಪಡಿಯ ಮನೆಗಳು ಎದ್ದು ನಿಂತಿವೆ. ಸುಮಾರು 400 ಸಮಾಧಿಗಳ ಆ ಜಾಗ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಸಂತೋಷ. ಆದರೆ ಹೊಲದ ನಡುವೆ ನೆಲಕ್ಕೆ ಅಂಟಿಕೊಂಡಿರುವ ಹತ್ತಿಪ್ಪತ್ತು ಕಲ್ಲಿನ ಫೋಟೋ ತೆಗೆದರೆ ಅದರಲ್ಲಿ ಕಾಣುವುದು ಬರೀ ಕಲ್ಲು. ಅಜ್ಜ ಹೇಳದಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲ. ನಾನು ಪುಸ್ತಕ ಓದಿಕೊಂಡು ಹೋದವನು!

ಅಜ್ಜ ಇನ್ನೊಂದು ಸುತ್ತಿಗೆ ಕರೆದುಕೊಂಡು ಹೋದರು. ಅಲ್ಲಿ ನಡುವಿನ ಮಣ್ಣು ಕುಸಿದು ಒಳಗಿನ ಚಪ್ಪಡಿಗಳ ಅಂಚು ಕಾಣುತ್ತಿತ್ತು. ಮೋರೇರು ಅಂದರೆ ಗಿಡ್ಡ ಜನ, ಮೂರಡಿ ಎತ್ತರ, ಈ ಗೂಡಿನಲ್ಲಿ ಸಂಸಾರ ಮಾಡುತ್ತಿದ್ದರು ಅಂತ ಅವರ ಕಥೆ. ಬೇರೆ ಸೀಮೆಯಲ್ಲಿ ಇವನ್ನೇ ಪಾಂಡವರ ಮನೆ ಅನ್ನುತ್ತಾರೆ. ಮೂರಡಿ ಕೋಣೆ ಕಂಡವರಿಗೆ ಮೂರಡಿ ಮನುಷ್ಯ ಹೊಳೆದಿದ್ದಾನೆ, ಇನ್ನೇನು.

ವೀಲರ್ ಇಂಥವನ್ನು ಬಿಚ್ಚಿ ನೋಡಿ ಕಂಡದ್ದು ಬೇರೆ. ನೆಲ ಅಗೆದು ಕೆಳಗೊಂದು ಚಪ್ಪಡಿ ಹಾಸಿದ್ದಾರೆ. ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿದ್ದಾರೆ. ನಿಲ್ಲಿಸಿದ ರೀತಿ ನೋಡಬೇಕು. ಒಂದು ಚಪ್ಪಡಿಯ ತುದಿ ಪಕ್ಕದ್ದನ್ನು ದಾಟಿ ಮುಂದಕ್ಕೆ ಬರುತ್ತದೆ, ಅದರ ತುದಿ ಅದರ ಪಕ್ಕದ್ದನ್ನು. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಒಂದು ಇನ್ನೊಂದನ್ನು ತಡೆದು ನಿಲ್ಲಿಸುತ್ತದೆ, ಒಳಕ್ಕೆ ಬೀಳುವುದಿಲ್ಲ. ಗಾರೆ ಇಲ್ಲ, ಮೊಳೆ ಇಲ್ಲ. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ಮೇಲೊಂದು ಮುಚ್ಚುಗಲ್ಲು. ಸುತ್ತ ಕಲ್ಲಿನ ವರ್ತುಲ. ಒಳಗೆ ಮಡಕೆಗಳು, ಕಬ್ಬಿಣದ ಕುಡುಗೋಲು, ಚಾಕು, ಬಾಣದ ಮೊನೆ, ಮತ್ತೆ ಮೂಳೆ. ಮೂಳೆಗಳು ಇಡೀ ದೇಹವಾಗಿ ಇರಲಿಲ್ಲ. ಬೇರೆ ಕಡೆ ಇಟ್ಟು, ಕಾದು, ಆಮೇಲೆ ಆಯ್ದು ತಂದು ಇಟ್ಟವು. ಒಂದೇ ಕೋಣೆಯಲ್ಲಿ ಹಲವರವು. ಒಂದು ಮನೆತನದ್ದೇ ಇರಬಹುದು. ಅಂದರೆ ಸತ್ತವರನ್ನು ಒಂದೇ ದಿನದಲ್ಲಿ ಮುಗಿಸಿ ಕೈ ತೊಳೆದುಕೊಂಡ ಜನ ಅಲ್ಲ ಇವರು.

ವೀಲರ್ ಬ್ರಹ್ಮಗಿರಿಗೆ ಬಂದದ್ದೂ ಒಂದು ಮಡಕೆಯ ಜಾಡು ಹಿಡಿದೇ. 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಅಗೆದಾಗ ರೋಮನ್ನರ ಮಡಕೆಯ ಜೊತೆ ನಮ್ಮ ಕಡೆಯ ಮಡಕೆಯೂ ಸಿಕ್ಕಿತ್ತು. ರೋಮಿನ ಮಡಕೆಯ ಕಾಲ ಗೊತ್ತಿತ್ತು. ಅದರ ಜೊತೆಗಿದ್ದ ಚುಕ್ಕಿಗೆರೆಯ ಮಡಕೆ ಬ್ರಹ್ಮಗಿರಿಯಲ್ಲೂ ಇತ್ತು. ಅದನ್ನು ಏಣಿ ಮಾಡಿಕೊಂಡು ಪದರ ಪದರವಾಗಿ ಕೆಳಗಿಳಿದರು. ಮೇಲೆ ಶಾತವಾಹನರ ಕಾಲ, ಅದರ ಕೆಳಗೆ ಈ ಕಬ್ಬಿಣದ ಜನ, ಅದಕ್ಕೂ ಕೆಳಗೆ ಕಲ್ಲು ಕೊಡಲಿಯ ಜನ. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಒಂದು ಗಟ್ಟಿ ಕ್ರಮ ಸಿಕ್ಕಿದ್ದು ಈ ಮೊಳಕಾಲ್ಮೂರಿನ ಮಣ್ಣಿನಲ್ಲಿ. ಅವರು ಸಮಾಧಿಗಳಿಗೆ ಕ್ರಿಸ್ತಪೂರ್ವ 200ರ ಆಸುಪಾಸಿನ ಕಾಲ ಹಾಕಿದ್ದರು. ಅದು ಕಮ್ಮಿಯಾಯಿತು ಅಂತ ಆಮೇಲೆ ಗೊತ್ತಾಯಿತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಕಬ್ಬಿಣದ ವಯಸ್ಸು 3,000 ವರ್ಷದ ಹತ್ತಿರ ಹೋಯಿತು. ಈಗಿನ ಲೆಕ್ಕದಲ್ಲಿ ಚಪಡ ಉಳಿ ಹಿಡಿಯುವ ಹೊತ್ತಿಗೆ ನಮ್ಮ ನಾಡಿನಲ್ಲಿ ಇಂಥ ಸಮಾಧಿಗಳು ಆಗಲೇ ಹಳೆಯವು.

ಕಾಲ ಬುಡದಲ್ಲಿ ಒಂದು ಮಡಕೆ ಚೂರು ಇತ್ತು. ಹೊರಗೆ ಕೆಂಪು, ಒಳಗೆ ಮತ್ತು ಬಾಯಿಯ ಹತ್ತಿರ ಕಪ್ಪು. ಬೋರಲು ಹಾಕಿ ಸುಟ್ಟರೆ ಹಾಗಾಗುತ್ತದೆ. ಗಾಳಿ ತಾಗಿದ ಕಡೆ ಕೆಂಪು, ತಾಗದ ಕಡೆ ಕಪ್ಪು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟೆ. ಜೇಬಿಗೆ ಹಾಕಿಕೊಳ್ಳೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅಜ್ಜ ನೋಡುತ್ತಿದ್ದರು.

ಆಮೇಲೆ ಕಿಂಡಿಯ ಹತ್ತಿರ ಮಂಡಿಯೂರಿದೆ. ಅರ್ಧ ಮಣ್ಣು ತುಂಬಿತ್ತು. ಮೇಲಿನ ಅರ್ಧ ಕಮಾನಿನ ಹಾಗೆ ಕಾಣುತ್ತಿತ್ತು. ಅದರ ಅಂಚಿನ ಮೇಲೆ ಬೆರಳಾಡಿಸಿದೆ. ಎರಡೂ ಕಡೆಯಿಂದ ತಟ್ಟಿ ತಟ್ಟಿ ತೆಳ್ಳಗೆ ಮಾಡಿದ ಅಂಚು. ನಡುವೆ ಒಂದು ಸಣ್ಣ ಏಣು.

ಮಹಾಮಾತ್ರರೇ, ಆ ಏಣು ನನ್ನ ಬೆರಳಿಗೆ ಗೊತ್ತಿತ್ತು.

ಒಪ್ಪಿಕೊಳ್ಳಬೇಕು ಅಂದೆನಲ್ಲ, ಅದು ಇದೇ. ನಮ್ಮೂರು ಕೋಲಾರದ ಕಡೆ. ನಮ್ಮ ಮನೆಯ ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲೊಂದಿದೆ. ದೊಡ್ಡ ಚಪ್ಪಡಿ. ಅದರ ಒಂದು ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿ ತೆಗೆದ ಗುರುತು. ಚಿಕ್ಕವನಿದ್ದಾಗ ನನ್ನನ್ನು ಆ ಕಚ್ಚಿನೊಳಗೆ ಕೂರಿಸಿ ಅಜ್ಜಿ ನೀರು ಹುಯ್ಯುತ್ತಿದ್ದಳು. ಕೂರಲು ಮಾಡಿದ ಹಾಗೇ ಇತ್ತು. ಸೋಪಿನ ನೊರೆಯಲ್ಲಿ ಜಾರದಿರಲಿ ಅಂತ ನಾನು ಅದರ ಅಂಚು ಹಿಡಿದುಕೊಳ್ಳುತ್ತಿದ್ದೆ. ಎರಡೂ ಕಡೆ ತೆಳ್ಳಗೆ, ನಡುವೆ ಸಣ್ಣ ಏಣು.

ಅವತ್ತು ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಆ ಕಲ್ಲು ಎಲ್ಲಿಂದ ಬಂತು ಅಂತ ಕೇಳಿದೆ.

"ಯಾಕೋ? ಪಾಂಡವರ ಹೊಲದ್ದು. ನಿಮ್ಮ ತಾತ ಬಾವಿ ತೋಡಿಸಿದಾಗ ಸಿಕ್ಕಿದ್ದು."

ಆಮೇಲೆ ಒಂದೊಂದಾಗಿ ಹೇಳಿದರು. ಹೊಲದಲ್ಲಿ ಮೂರು ಸುತ್ತು ಇದ್ದವಂತೆ. ನೇಗಿಲಿಗೆ ಅಡ್ಡ. ತಾತ ಸಾಲ ಮಾಡಿ ಬಾವಿ ತೋಡಿಸುವಾಗ ಕಟ್ಟೆಗೆ ಕಲ್ಲು ಬೇಕಿತ್ತು. ಕಲ್ಲು ಹೊಲದಲ್ಲೇ ಇತ್ತು. ಎರಡು ಸುತ್ತು ಬಾವಿಯ ಕಟ್ಟೆಯಾಯಿತು. ಒಳಗಿನ ಚಪ್ಪಡಿಗಳಲ್ಲಿ ಒಂದು ದನದ ಕೊಟ್ಟಿಗೆಗೆ ಹೋಯಿತು, ಒಂದು ಮೋರಿ ಮೇಲೆ, ಎಳೆಯುವಾಗ ಎರಡು ಹೋಳಾದದ್ದು ಬಚ್ಚಲ ಹಿಂದೆ. ಮಡಕೆಗಳಿದ್ದವಾ ಅಂತ ಕೇಳಿದೆ. "ಇದ್ದವು. ನಾವು ಹುಡುಗರು ಕಲ್ಲು ಹೊಡೆದು ಗುರಿ ಆಡ್ತಿದ್ವಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿರಲಿಲ್ಲ ಕಣೋ" ಅಂದರು.

ನಮ್ಮ ತಾತ ಕೆಟ್ಟವನಲ್ಲ. ಸತ್ತವರಿಗೆ ಎಡೆ ಇಡದೆ ಹಬ್ಬದ ಊಟ ಮಾಡಿದವನಲ್ಲ. ಬೇರೆಯವರ ಸಮಾಧಿ ಕಿತ್ತು ಮನೆಗೆ ತಂದಿದ್ದೇನೆ ಅಂತ ಗೊತ್ತಾಗಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಅವನಿಗೆ ಯಾರೂ ಹೇಳಲಿಲ್ಲ, ಅಷ್ಟೇ. ಇಡೀ ಸೀಮೆಯಲ್ಲಿ ಹೀಗೆ ಎಷ್ಟು ಬಾವಿ ಕಟ್ಟೆ, ಎಷ್ಟು ಬದು, ಎಷ್ಟು ಅರಳಿಕಟ್ಟೆ ಎದ್ದಿವೆಯೋ. ನಿಧಿಗಳ್ಳರ ಬಗ್ಗೆ ಪೇಪರಿನಲ್ಲಿ ಬರುತ್ತದೆ. ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ, ಗುದ್ದಲಿ. ಅವರು ಇದ್ದಾರೆ, ಅವರನ್ನು ಹಿಡಿಯಿರಿ. ಆದರೆ ನಾನು ಕಂಡ ಮಟ್ಟಿಗೆ ಕಳ್ಳರಿಗಿಂತ ನಮ್ಮಂಥ ಸಂಸಾರಸ್ಥರೇ ಜಾಸ್ತಿ ಕಲ್ಲು ಸಾಗಿಸಿದ್ದೇವೆ. ಅದೂ ಹಗಲಲ್ಲಿ, ಎತ್ತಿನ ಗಾಡಿಯಲ್ಲಿ, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು.

ಮೂರನೇ ಸುತ್ತು ಉಳಿದಿದೆ. ಹೇಗೆ ಉಳಿಯಿತು ಗೊತ್ತಾ? ಅದರ ನಡುವೆ ಹುತ್ತ ಬೆಳೆದಿತ್ತು. ಪಕ್ಕದಲ್ಲಿ ಬೇವಿನ ಮರ. ನಾಗರಪಂಚಮಿಗೆ ಹೆಂಗಸರು ಅಲ್ಲಿ ಹಾಲೆರೆಯುತ್ತಿದ್ದರು. ಅದನ್ನು ಮುಟ್ಟುವ ಧೈರ್ಯ ತಾತನಿಗೂ ಬರಲಿಲ್ಲ. ಯಾವ ಕಾನೂನೂ ಕಾಯದ್ದನ್ನು ಗೆದ್ದಲು ಕಾಯಿತು.

ಕಾನೂನು ಇಲ್ಲ ಅಂತ ಅಲ್ಲ. ಕೇಂದ್ರದ್ದು 1958ರ ಕಾಯ್ದೆ ಇದೆ, ನಮ್ಮ ರಾಜ್ಯದ್ದು 1961ರದ್ದು ಇದೆ. 2010ರ ತಿದ್ದುಪಡಿ ಪ್ರಕಾರ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್ ಅಪ್ಪಣೆ ಬೇಕು. ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆದರೆ ಇದೆಲ್ಲ ಪಟ್ಟಿಯಲ್ಲಿ ಹೆಸರಿದ್ದವಕ್ಕೆ. ನಮ್ಮ ಹೊಲದ ಸುತ್ತಿನ ಹೆಸರು ಯಾವ ಪಟ್ಟಿಯಲ್ಲಿ ಬರಬೇಕು? ಅದಕ್ಕೆ ಹೆಸರೇ ಇಲ್ಲ.

ಊರಿಗೆ ಹೋದಾಗ ಆ ಸುತ್ತಿನ ನಡುವೆ ನಿಂತು ದಿಶಾಂಕ್ ಆ್ಯಪ್ ತೆರೆದೆ. ಸರ್ವೆ ನಂಬರ್ ಬಂತು. ಹಿಸ್ಸಾ ಬಂತು. ಚಿಕ್ಕಪ್ಪನ ಹೆಸರು ಬಂತು. ಪಹಣಿ ತೆಗೆಸಿದೆ. 11ನೇ ಕಾಲಂನಲ್ಲಿ ಅವರ ಬೆಳೆಸಾಲ ಕೂತಿತ್ತು. ಒಂದು ಬ್ಯಾಂಕಿನ ಮೂರು ವರ್ಷದ ಸಾಲಕ್ಕೆ ಆ ಕಾಗದದಲ್ಲಿ ಜಾಗ ಇದೆ, ಎರಡೂವರೆ ಸಾವಿರ ವರ್ಷದ ಗೋರಿಗೆ ಒಂದು ಅಕ್ಷರ ಇಲ್ಲ.

ಸಂಬಂಧಪಟ್ಟ ಕಚೇರಿಗೂ ಹೋದೆ. ಯಾವ ಕಚೇರಿ ಅಂತ ಬೇಡ. ಅಲ್ಲಿದ್ದವರು ಒಳ್ಳೆಯ ಜನ, ಕುರ್ಚಿ ಕೊಟ್ಟು ಕೂರಿಸಿದರು. ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಒಬ್ಬರು, "ಇದಕ್ಕೆ ಅರ್ಜಿ ನಮೂನೆ ಇಲ್ವಲ್ಲ ಸಾರ್" ಅಂದರು. ಅವರದು ತಪ್ಪಲ್ಲ. ನಿಜವಾಗಲೂ ಇಲ್ಲ.

ಆದರೆ ದಾರಿ ಇಲ್ಲವೇ ಇಲ್ಲ ಅಂತಲೂ ಅಲ್ಲ ಅನ್ನಿಸುತ್ತದೆ. ನೀವು ಖರಾಬು ಬಲ್ಲವರು. ಎ ಖರಾಬು ಅಂದರೆ ಉಳಲಿಕ್ಕೆ ಬಾರದ ಜಮೀನು. ಬಿ ಖರಾಬು ಅಂದರೆ ಸಾರ್ವಜನಿಕರದ್ದು. ದಾರಿ, ಕೆರೆ, ಹಳ್ಳ. 1966ರ ಭೂಕಂದಾಯ ನಿಯಮದಲ್ಲಿ ಅದೇ ಸಾಲಿನಲ್ಲಿ ಇನ್ನೂ ಒಂದು ಇದೆ: ಹೂಳುವ ಅಥವಾ ಸುಡುವ ಜಾಗ. ಸ್ಮಶಾನ. ಹಾಗಾದರೆ ನಮ್ಮ ಹೊಲದಲ್ಲಿರುವುದು ಏನು? ಸ್ಮಶಾನಕ್ಕೆ ಇಷ್ಟು ವರ್ಷ ಮೀರಿದರೆ ಅದು ಸ್ಮಶಾನ ಅಲ್ಲ ಅಂತ ಎಲ್ಲಾದರೂ ಬರೆದಿದೆಯಾ? ನಾನು ವಕೀಲನಲ್ಲ. ಇದು ವಾದ ಅಂತ ತಗೊಳ್ಳಬೇಡಿ, ಯೋಚನೆ ಅಂತ ತಗೊಳ್ಳಿ.

ಇಲ್ಲೇ ಒಂದು ಗಂಟು ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಪತ್ರಕ್ಕೆ ಅರ್ಥ ಇಲ್ಲ. ಚಿಕ್ಕಪ್ಪನಿಗೆ ನಾನು ಇದನ್ನೆಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು, "ಹೊಲ ಹೋಗುತ್ತೇನೋ?" ಅಂತ. ಪಕ್ಕದ ಹೊಲದವರಿಗೆ ಸುದ್ದಿ ಮುಟ್ಟಿತು. ಅವರು ಇನ್ನೂ ನೇರ. "ಸುಮ್ನೆ ಇರಪ್ಪ. ಇಲಾಖೆಯವರು ಬಂದ್ರೆ ನಾಳೆ ಬೋರು ಕೊರೆಸೋಕೂ ಬಿಡಲ್ಲ. ಒಂದು ದಿನ ಜೆಸಿಬಿ ಕರೆಸಿ ಮಟ್ಟ ಮಾಡಿಸು, ತಲೆನೋವೇ ಇರಲ್ಲ." ಜೆಸಿಬಿಗೆ ಅಂಥ ಸುತ್ತು ಒಂದು ಗಂಟೆಯ ಕೆಲಸವೂ ಅಲ್ಲ. ನಾನು ಬಾಯಿ ಬಿಟ್ಟದ್ದೇ ಆ ಕಲ್ಲುಗಳಿಗೆ ಕುತ್ತಾಯಿತೇನೋ ಅಂತ ಎರಡು ವಾರ ಸಂಕಟಪಟ್ಟಿದ್ದೇನೆ.

ಅವರ ಭಯವನ್ನು ಬೈದು ಪ್ರಯೋಜನ ಇಲ್ಲ. ಎರಡು ಎಕರೆ ಇರುವವನಿಗೆ 100 ಮೀಟರ್ ಅಂದರೆ ಹೆಚ್ಚು ಕಮ್ಮಿ ಅವನ ಇಡೀ ಹೊಲ. ಲೆಕ್ಕ ಹಾಕಿ ನೋಡಿ. 100 ಮೀಟರ್ ಸುತ್ತಳತೆಯ ಮಾತಲ್ಲ ಅದು, ನಡುವಿನಿಂದ ಒಂದೊಂದು ದಿಕ್ಕಿಗೂ 100. ಏಳು ಎಕರೆಗೂ ಮೀರುತ್ತದೆ. ನಮ್ಮ ಸುತ್ತಿಗೆ ಆ ನಿಯಮ ತಾಗುವುದೇ ಇಲ್ಲ, ಅದು ಪಟ್ಟಿಯಲ್ಲಿಲ್ಲ ಅಂತ ಹೇಳಿದೆ. ಅವರು ನಂಬಲಿಲ್ಲ. "ಇವತ್ತು ಇಲ್ಲ, ನಾಳೆ ಹಾಕಿದ್ರೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇರಬೇಕು.

ಆದ್ದರಿಂದ ನಾನು ಕೇಳುವುದು ತುಂಬಾ ಸಣ್ಣದು. ನಮ್ಮೂರಿನಂಥ ಸಾವಿರ ಊರಲ್ಲಿರುವ ಸುತ್ತುಗಳಿಗೆ ದೊಡ್ಡ ರಕ್ಷಣೆ ಬೇಡ, ಒಂದು ಗುರುತು ಬೇಕು. ಸರ್ವೇಯರ್ ಹೇಗೂ ಈಗ ಜಾಗ ಅಳೆಯುವ ರೋವರ್ ಯಂತ್ರ ಹಿಡಿದುಕೊಂಡು ಹೊಲಕ್ಕೆ ಬರುತ್ತಾರೆ. ಬಾವಿ, ಮರ, ಹಳ್ಳ ಗುರುತು ಹಾಕುತ್ತಾರೆ. ಜೊತೆಗೆ ಈ ಕಲ್ಲನ್ನೂ ಹಾಕಲಿ. ಸುತ್ತು ಎಷ್ಟಿದೆಯೋ ಅಷ್ಟು, ಅದರಾಚೆ ಎರಡು ಮೂರು ಮೀಟರ್. ಪಹಣಿಯಲ್ಲಿ ಒಂದು ಸಾಲು: 'ಹಳೆಯ ಕಲ್ಲಿನ ಸುತ್ತು ಇದೆ, ಕೀಳಬಾರದು.' ಉಳಿದ ಹೊಲ ಉಳಲಿ, ಬೋರು ಕೊರೆಸಲಿ, ಸಾಲ ತೆಗೆಯಲಿ, ಮಾರಲಿ. ಆ ಒಂದು ಸಾಲು ಮಾತ್ರ ಜಮೀನಿನ ಜೊತೆ ಹೋಗಲಿ. ಇಷ್ಟಕ್ಕೇ ನಿಲ್ಲುತ್ತದೆ, ಮುಂದಕ್ಕೆ ಬೆಳೆಯುವುದಿಲ್ಲ ಅಂತ ರೈತನಿಗೆ ಬರಹದಲ್ಲಿ ಕೊಡಿ. ಮಾತಿನಲ್ಲಲ್ಲ, ಬರಹದಲ್ಲಿ. ಹೋದ ಜಾಗಕ್ಕೆ ಏನಾದರೂ ಕೊಡುವುದಾದರೆ ಇನ್ನೂ ಒಳ್ಳೆಯದು. ಹೆಚ್ಚು ಕಮ್ಮಿ ಒಂದು ಗುಂಟೆಯ ಮಾತು.

ಯಾಕೆ ಕಾಗದ ಕಾಗದ ಅನ್ನುತ್ತಿದ್ದೇನೆ ಅಂದರೆ, ಕಲ್ಲನ್ನು ಕಾಯುತ್ತಿದ್ದ ಕಥೆ ಈಗ ಸೋಲುತ್ತಿದೆ. ಹುತ್ತಕ್ಕೆ ಹಾಲೆರೆದ ಅಜ್ಜಿ ತೀರಿಕೊಂಡಳು. ಮೋರೇರ ಮನೆ ಅಂದ ಆ ಅಜ್ಜನ ಮೊಮ್ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನಂತೆ. ಹೊಲ ಕೊಳ್ಳುವವರು ಹೊರಗಿನವರು. ಅವರಿಗೆ ಕಥೆ ಬರುವುದಿಲ್ಲ, ಹಾವಿನ ಭಯವೂ ಇಲ್ಲ, ಆದರೆ ಪಹಣಿ ಮಾತ್ರ ಒಂದಕ್ಷರ ಬಿಡದೆ ಓದುತ್ತಾರೆ.

ಬೇಡದ್ದನ್ನೂ ಹೇಳಿಬಿಡುತ್ತೇನೆ. ಬೇಲಿ ಹಾಕಿ ಬೀಗ ಜಡಿಯಬೇಡಿ. ಹುಲ್ಲುಹಾಸು, ಬಣ್ಣದ ದೀಪ, ಕಮಾನು ಬೇಡ. ಕಲ್ಲಿಗೆ ಸುಣ್ಣ ಹೊಡೆದು ನಂಬರ್ ಬರೆಯಬೇಡಿ, ದಮ್ಮಯ್ಯ. ಮೇಕೆಗಳು ಓಡಾಡಿಕೊಂಡಿರಲಿ. ಜಾಲಿ ಬೇರು ಚಪ್ಪಡಿ ಸೀಳದ ಹಾಗೆ ವರ್ಷಕ್ಕೊಮ್ಮೆ ಕಡಿದರೆ ಸಾಕು. ಅದನ್ನು ಉದ್ಯೋಗ ಖಾತ್ರಿಯಂಥ ಕೆಲಸದಲ್ಲಿ ಊರವರಿಂದಲೇ ಮಾಡಿಸಬಹುದೇನೋ ನೋಡಿ. ಬೋರ್ಡ್ ಹಾಕುವುದಾದರೆ ಹೊಲದಲ್ಲಿ ಬೇಡ, ಅದು ನಿಧಿಗಳ್ಳರಿಗೆ ದಾರಿ ತೋರಿಸಿದ ಹಾಗೆ. ಊರ ಶಾಲೆಯ ಗೋಡೆಯ ಮೇಲೆ ಬರೆಸಿ. ಒಳಗೆ ಇರುವುದು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಯಾರದ್ದೋ ಹಿರಿಯರ ಮೂಳೆ ಅಂತ ಬರೆಸಿ. ಕೊಪ್ಪರಿಗೆಯ ಆಸೆ ಅಲ್ಲಿಗಾದರೂ ಸ್ವಲ್ಪ ಇಳಿಯಲಿ.

ಮೇಷ್ಟ್ರುಗಳಿಗೂ ಒಂದು ಮಾತು. ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚೆ ಒಂದು ಸಂಜೆ ಊರಾಚೆ ನಡೆಸಿ. ಮೋರೇರ ಮನೆ, ಪಾಂಡವರ ಗುಡಿ, ರಾಕ್ಷಸರ ಹೊಲ, ಹೀಗೇನಾದರೂ ಹೆಸರು ಊರಲ್ಲಿದ್ದರೆ ಹಿರಿಯರನ್ನು ಕೇಳಿ. ಹೆಸರಿದ್ದ ಕಡೆ ಕಲ್ಲು ಇದ್ದೇ ಇರುತ್ತದೆ ಅಂತಲ್ಲ, ಆದರೆ ಹುಡುಕಲು ಅದಕ್ಕಿಂತ ಒಳ್ಳೆಯ ನಕ್ಷೆ ಯಾವ ಕಚೇರಿಯಲ್ಲೂ ಇಲ್ಲ.

ನಮ್ಮ ಮೂರನೇ ಸುತ್ತು ಈ ಪತ್ರ ಬರೆಯುವ ಹೊತ್ತಿಗೆ ಇನ್ನೂ ಇದೆ. ಚಿಕ್ಕಪ್ಪ ಒಂದು ದಿನ ತಾವೇ ಹೋಗಿ ಕಲ್ಲು ಎಣಿಸಿ ಬಂದರಂತೆ. ಹದಿನೇಳು. ಅವರ ಮಗಳು ಫೋಟೋ ತೆಗೆದು ನನಗೆ ಕಳಿಸಿದಳು. ಫೋಟೋದಲ್ಲಿ ಏನೂ ಕಾಣುವುದಿಲ್ಲ. ಹುತ್ತ, ಬೇವಿನ ಮರ, ಚಿಕ್ಕಪ್ಪನ ಬಿಳಿ ಬನಿಯನ್ನು, ಕಲ್ಲು.

ಇನ್ನೊಂದು ವಿಷಯ ಇತ್ಯರ್ಥ ಆಗಬೇಕು. ಹಳೇ ಮನೆ ಬಿಚ್ಚಿಸುತ್ತಿದ್ದೇವೆ. ಬಚ್ಚಲ ಹಿಂದಿನ ಚಪ್ಪಡಿಯನ್ನು ಒಡೆದು ಪಾಯಕ್ಕೆ ಹಾಕುತ್ತೇನೆ ಅಂತ ಮೇಸ್ತ್ರಿ ಕೇಳಿದ. ಬೇಡ ಅಂದೆ. ಅದು ಬಂದ ಜಾಗದಲ್ಲಿ ಈಗ ಬಾವಿ ಇದೆ, ಬಾವಿಯಲ್ಲಿ ನೀರೂ ಇಲ್ಲ. ವಾಪಸ್ ಇಡೋಣ ಅಂದರೆ ಗೋರಿಯೇ ಇಲ್ಲ. ಮ್ಯೂಸಿಯಮ್ಮಿಗೆ ಕೊಡೋಣ ಅಂದರೆ ಒಡೆದ ಬಟ್ಟೆ ಕಲ್ಲನ್ನು ತೆಗೆದುಕೊಳ್ಳುತ್ತಾರಾ ಗೊತ್ತಿಲ್ಲ. ಸದ್ಯಕ್ಕೆ ಅಂಗಳದಲ್ಲಿ ಹುಣಸೆ ಮರದ ಕೆಳಗೆ ಮಲಗಿಸಿದ್ದೇವೆ, ಕಚ್ಚು ಇರುವ ಅಂಚು ಪೂರ್ವಕ್ಕೆ ಬರುವ ಹಾಗೆ. ಅದನ್ನು ಎಲ್ಲಿಗೆ ತಂದು ಒಪ್ಪಿಸಬೇಕು ಅಂತ ನಿಮ್ಮಲ್ಲಿ ಯಾರಾದರೂ ತಿಳಿಸಿ. ಎತ್ತಲು ಆರು ಜನ ಬೇಕಾಗುತ್ತದೆ. ಟ್ರ್ಯಾಕ್ಟರ್ ಬಾಡಿಗೆ ನನ್ನದು.

ಇತಿ,
ಕೋಲಾರದ ಕಡೆಯ ಒಬ್ಬ ಮೊಮ್ಮಗ